ಸ್ಕ್ಯಾನ್ ಆದ ಕನ್ನಡ ಪುಸ್ತಕ ಹುಡುಕಿದರೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ನಮ್ಮಲ್ಲಿಗೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಹುಡುಗರು "ಎಲ್ಲಾ ಮೊಬೈಲಲ್ಲೇ ಇದೆಯಲ್ಲ" ಅನ್ನುತ್ತಾರೆ. ಆದರೆ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ ಹಳೆಯ ಕನ್ನಡ ಪುಸ್ತಕವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಸ್ಕ್ಯಾನ್ ಆಗಿರುವುದು ಖಂಡಿತ ಎಂದು ಅವರು ಹೇಳುತ್ತಾರೆ. ಯಾಕೆ ಹೀಗಾಗುತ್ತದೆ? ಈಗ ಎಐ ಬೇರೆ ಬಂದಿದೆ. ಮುಂದೆ ನಮ್ಮಂಥವರ ಕೆಲಸ ಏನು? ಊರಿನ ಹಳೆಯ ಸ್ಮರಣ ಸಂಚಿಕೆಗಳು ನಮ್ಮ ಬೀರುವಿನಲ್ಲಿವೆ. ಅವನ್ನು ನಾವೇ ಸ್ಕ್ಯಾನ್ ಮಾಡಬಹುದಾ?

ಉತ್ತರ: ನಿಮ್ಮ ಮೇಷ್ಟ್ರ ಮಾತು ನಿಜವಿರುವ ಸಾಧ್ಯತೆಯೇ ಜಾಸ್ತಿ. ಪುಸ್ತಕ ಸ್ಕ್ಯಾನ್ ಆಗಿರುತ್ತದೆ, ಯಾವುದೋ ಸರ್ವರ್‌ನಲ್ಲಿ ಇರುತ್ತದೆ, ಆದರೂ ಹುಡುಕಿದವರಿಗೆ ಸಿಗುವುದಿಲ್ಲ. ಕನ್ನಡದ ಮಟ್ಟಿಗೆ ಇದು ದಿನಾ ನಡೆಯುವ ಸಂಗತಿ. ಪುಟಗಳ ಚಿತ್ರ ತೆಗೆಯುವುದು ಒಂದು ಕೆಲಸ. ಆ ಪುಸ್ತಕ ಯಾವುದು, ಯಾರದು, ಯಾವುದರ ಬಗ್ಗೆ ಎಂದು ಸರಿಯಾಗಿ ಬರೆದಿಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಯಂತ್ರಗಳು ಭರದಿಂದ ಮಾಡಿಬಿಟ್ಟವು. ಎರಡನೆಯದು ಬಹಳ ಹಿಂದೆ ಉಳಿದಿದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಈ ಎರಡರ ನಡುವಿನ ಅಂತರದಲ್ಲೇ ಇದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಹಳೆಯ ಪುಸ್ತಕಗಳು ಎಲ್ಲಿಂದ ಬಂದವು ಅಂತ ನೋಡೋಣ. ಇಂಟರ್ನೆಟ್‌ನಲ್ಲಿ ಇಂದು ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ದೊಡ್ಡ ಪಾಲು 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರು ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕನಸು ಕಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದಕ್ಕೆ ಕೈಜೋಡಿಸಿತು. 2000ದ ದಶಕದಲ್ಲಿ ದೇಶದ ಬೇರೆ ಬೇರೆ ಕಡೆ ಸ್ಕ್ಯಾನಿಂಗ್ ಕೇಂದ್ರಗಳು ಶುರುವಾದವು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಕನ್ನಡ ಪುಸ್ತಕಗಳೂ ಹೀಗೇ ಸ್ಕ್ಯಾನ್ ಆದವು. ಅಲ್ಲೇಕೆ ಅಷ್ಟು ಕನ್ನಡ ಪುಸ್ತಕ ಅನ್ನಬೇಡಿ. ಇಂದಿನ ಕಲ್ಯಾಣ ಕರ್ನಾಟಕದ ಹಲವು ಜಿಲ್ಲೆಗಳು ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ.

ಆಮೇಲೆ ಹಕ್ಕುಸ್ವಾಮ್ಯದ ತಕರಾರು ಎದ್ದು ಆ ಜಾಲತಾಣ ನಿಂತುಹೋಯಿತು. ಅಷ್ಟರಲ್ಲಿ ಲಕ್ಷಾಂತರ ಪುಸ್ತಕಗಳ ನಕಲು 'ಇಂಟರ್ನೆಟ್ ಆರ್ಕೈವ್' ಎಂಬ ಉಚಿತ ಆನ್‌ಲೈನ್ ಸಂಗ್ರಹ ಸೇರಿತ್ತು. ಅಮೆರಿಕದ ಕಾರ್ಲ್ ಮಾಲಮುಡ್ ಅವರ 'ಪಬ್ಲಿಕ್ ರಿಸೋರ್ಸ್' ಸಂಸ್ಥೆ ಅದನ್ನು ಮಾಡಿತ್ತು. ಮೂಲ ತಾಣ ಮುಚ್ಚಿದರೂ ಇಷ್ಟೊಂದು ಪುಸ್ತಕ ನಮಗಿವತ್ತು ಸಿಗುತ್ತಿರುವುದು ಆ ನಕಲಿನಿಂದ. ಒಂದೇ ಕಡೆ ಇಟ್ಟ ಡಿಜಿಟಲ್ ಪುಸ್ತಕಕ್ಕೆ ಏನಾಗಬಹುದು ಅನ್ನುವುದಕ್ಕೆ ನಮ್ಮ ಭಾಷೆಯಲ್ಲೇ ಇರುವ ದೊಡ್ಡ ಉದಾಹರಣೆ ಇದು. ಗ್ರಂಥಾಲಯ ಕ್ಷೇತ್ರದಲ್ಲಿರುವ ನಾವೆಲ್ಲ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈಗ ಸಮಸ್ಯೆಗೆ ಬರೋಣ. ಆ ಯೋಜನೆಯಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರನ್ನು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರು. ಟೈಪ್ ಮಾಡಿದ ಒಬ್ಬೊಬ್ಬರದ್ದು ಒಂದೊಂದು ರೀತಿ. 'ಸಾಹಿತ್ಯ' ಅನ್ನುವ ಒಂದೇ ಪದ ತೆಗೆದುಕೊಳ್ಳಿ. ಒಬ್ಬರು 'ಸಾ'ಗೆ ಒಂದು 'ಎ' ಹಾಕಿದರು, ಇನ್ನೊಬ್ಬರು ಎರಡು ಹಾಕಿದರು. ಕೆಲವರು 'ಟಿ' ಆದಮೇಲೆ 'ಹೆಚ್' ಸೇರಿಸಿದರು, ಕೆಲವರು ಬಿಟ್ಟರು. ಕನ್ನಡ ಬಾರದವರು ಟೈಪ್ ಮಾಡಿದ ಕಡೆ ಲೇಖಕರ ಜಾಗದಲ್ಲಿ ಪ್ರಕಾಶಕರು ಬಂದರು, ಶೀರ್ಷಿಕೆಯ ಜಾಗದಲ್ಲಿ ಮಾಲೆಯ ಹೆಸರು ಬಂತು. ಎಷ್ಟೋ ಪುಸ್ತಕಗಳ ವರ್ಷವೂ ತಪ್ಪು. ನೀವು ಕನ್ನಡ ಅಕ್ಷರದಲ್ಲಿ ಸರಿಯಾಗಿ ಟೈಪ್ ಮಾಡಿ ಹುಡುಕಿದಿರಿ. ಆ ಕಡೆ ಕನ್ನಡ ಅಕ್ಷರವೇ ಇಲ್ಲ. ಸಿಗುವುದಾದರೂ ಹೇಗೆ?

ಇದರಲ್ಲಿ ನನ್ನನ್ನು ಬಹಳ ಕಾಡುವ ಒಂದು ವಿವರ ಇದೆ. ಉಸ್ಮಾನಿಯಾದ ಎಷ್ಟೋ ಪ್ರತಿಗಳ ಮೊದಲ ಪುಟದಲ್ಲಿ ಗ್ರಂಥಾಲಯದ ಹಳೆಯ ಚೀಟಿಯೂ ಸ್ಕ್ಯಾನ್ ಆಗಿ ಬಂದಿದೆ. ಅದರಲ್ಲಿ ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ಹೇಳುವ ಕರೆ ಸಂಖ್ಯೆ (ಕಾಲ್ ನಂಬರ್), ಲೇಖಕ, ಶೀರ್ಷಿಕೆ ಎಲ್ಲವನ್ನೂ ಯಾರೋ ಗ್ರಂಥಪಾಲಕರು ಕೈಯಲ್ಲಿ ಬರೆದಿದ್ದಾರೆ. ಅಂದರೆ ದಶಕಗಳ ಹಿಂದೆಯೇ ಒಬ್ಬರು ಈ ಕೆಲಸವನ್ನು ಮುಗಿಸಿದ್ದರು. ನಾವು ಆ ಚೀಟಿಯ ಫೋಟೋ ತೆಗೆದುಕೊಂಡೆವು, ಚೀಟಿಯಲ್ಲಿದ್ದ ಮಾಹಿತಿಯನ್ನು ತೆಗೆದುಕೊಳ್ಳಲಿಲ್ಲ.

ಮೇಷ್ಟ್ರ ಪುಸ್ತಕಕ್ಕಾಗಿ ಹೀಗೆ ಮಾಡಿ. ಮೊದಲು 'ಪುಸ್ತಕ ಸಂಚಯ' ತಾಣಕ್ಕೆ ಹೋಗಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾದ ಕನ್ನಡ ಪುಸ್ತಕಗಳನ್ನು ಕನ್ನಡ ಅಕ್ಷರದಲ್ಲೇ ಹುಡುಕುವ ಹಾಗೆ 'ಸಂಚಯ' ಬಳಗ ಇದನ್ನು ಕಟ್ಟಿದೆ. ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರುಗಳನ್ನು ಸ್ವಯಂಸೇವಕರು ಕುಳಿತು ಕನ್ನಡಕ್ಕೆ ಬದಲಿಸಿದ್ದಾರೆ. ಅಲ್ಲಿ ಸಿಗದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಪೂರ್ತಿ ಶೀರ್ಷಿಕೆ ಬೇಡ. ಕಾಗುಣಿತ ಎಡವಟ್ಟಾಗದ ಒಂದು ಸಣ್ಣ ಪದ ಸಾಕು. 'ಚರಿತ್ರೆ'ಯಂಥ ಪದಕ್ಕೆ ನಾಲ್ಕೈದು ಸ್ಪೆಲ್ಲಿಂಗ್ ಹಾಕಿ ನೋಡಿ. ಲೇಖಕರ ಇನಿಷಿಯಲ್ ಬಿಟ್ಟು ಹುಡುಕಿ. ಭಾಷೆ ಕನ್ನಡ ಅಂತ ಆರಿಸಿ, ಪ್ರಕಾಶಕರ ಹೆಸರಿನಿಂದಲೂ ಒಮ್ಮೆ ಪ್ರಯತ್ನಿಸಿ. ಸಿಕ್ಕ ಪುಸ್ತಕದ ಗುರುತಿನಲ್ಲಿ 'ಇನ್ ಅರ್ನೆಟ್ ಡಿಎಲ್‌ಐ 2015' (in.ernet.dli.2015) ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಓದುಗರಿಗೆ ಹತ್ತು ನಿಮಿಷ ಉಳಿಯುತ್ತದೆ.

ಹೆಸರು ಕನ್ನಡ ಅಕ್ಷರದಲ್ಲೇ ಇದ್ದರೂ ತೊಂದರೆ ಮುಗಿಯುವುದಿಲ್ಲ. ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಏರ್ಪಾಟಿನ ಹೆಸರು ಯೂನಿಕೋಡ್. ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಆದರೆ ನಮ್ಮ ಕಂಪ್ಯೂಟರ್‌ಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಲು ತುಂಬಾ ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ನಮ್ಮ ಕೈ ಹಿಡಿದದ್ದು ನುಡಿ, ಬರಹದಂಥ ತಂತ್ರಾಂಶಗಳು. ಅವು ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಅವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ನುಡಿಯಲ್ಲಿ ಬರೆದ 'ಕನ್ನಡ' ಅನ್ನುವ ಪದವನ್ನು ಫಾಂಟ್ ಇಲ್ಲದೆ ತೆರೆದರೆ 'ನ' ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಗುರುತು ಕಾಣುತ್ತದೆ. ನೀವೂ ನೋಡಿರುತ್ತೀರಿ.

ಹುಡುಕುವ ಯಂತ್ರಕ್ಕೆ ಇಂಥ ಕಡತ ಕನ್ನಡವೇ ಅಲ್ಲ. ವರ್ಷಗಟ್ಟಲೆ ಈ ಫಾಂಟ್‌ಗಳಲ್ಲಿ ಟೈಪ್ ಆದ ಪುಸ್ತಕ, ಪತ್ರಿಕೆ, ವರದಿ, ಪ್ರಬಂಧಗಳ ಪಿಡಿಎಫ್‌ಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ, ಹುಡುಕಾಟಕ್ಕೆ ಮಾತ್ರ ಕಾಣುವುದಿಲ್ಲ. ನಿಮ್ಮ ಗ್ರಂಥಾಲಯದ ಪುಸ್ತಕ ಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿ ಇದ್ದರೆ ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿ. ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿದರೂ ಎಚ್ಚರ ಬೇಕು. 'ಸಂಗೀತ' ಮತ್ತು 'ಸ೦ಗೀತ' ಈ ಎರಡನ್ನೂ ನೋಡಿ. ಓದುವಾಗ ಎರಡೂ ಒಂದೇ, ಅಲ್ವಾ? ಮೊದಲನೆಯದರಲ್ಲಿ ಅನುಸ್ವಾರ ಇದೆ. ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಕೂತಿದೆ. ಕಂಪ್ಯೂಟರಿಗೆ ಇವು ಸಂಬಂಧವೇ ಇಲ್ಲದ ಎರಡು ಪದಗಳು. ಇಂಟರ್ನೆಟ್‌ನ ಕನ್ನಡದಲ್ಲಿ ಈ ತಪ್ಪು ಎಲ್ಲೆಲ್ಲೂ ಇದೆ. 'ರ‍್ಯಾಂಕ್' ಪದವನ್ನು ಟೈಪ್ ಮಾಡುವ ಎರಡು ರೀತಿಗಳಲ್ಲೂ ಇಂಥದ್ದೇ ಕಣ್ಣಿಗೆ ಕಾಣದ ಒಂದು ಚಿಹ್ನೆಯ ವ್ಯತ್ಯಾಸ ಇರುತ್ತದೆ. ನಿಮ್ಮ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದರೆ ಸೊನ್ನೆ ಹುಡುಕಿ ಅನುಸ್ವಾರಕ್ಕೆ ಬದಲಿಸುವುದು ಒಂದು ಗಂಟೆಯ ಕೆಲಸ. ನಿಜವಾದ ಅಂಕಿಗಳ ಸೊನ್ನೆ ಬದಲಾಗದಂತೆ ಮಾತ್ರ ನೋಡಿಕೊಳ್ಳಿ.

ಇನ್ನು ಸ್ಕ್ಯಾನ್ ಆದ ಚಿತ್ರವನ್ನು ಓದಿ ಅಕ್ಷರವಾಗಿಸುವ ಓಸಿಆರ್ ವಿಚಾರ. ಇದು ಬಂದ ಮೇಲೆ ಪುಸ್ತಕದ ಹೆಸರಷ್ಟೇ ಅಲ್ಲ, ಒಳಗಿನ ಸಾಲುಗಳನ್ನೂ ಹುಡುಕಬಹುದು. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನು ಓದುತ್ತದೆ. ಗೂಗಲ್‌ನ ಸೇವೆಯೂ ಓದುತ್ತದೆ. ಈಚಿನ ಮುದ್ರಣದ ಪುಟ ಕೊಟ್ಟರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕ ಕೊಟ್ಟರೆ ಕಷ್ಟ. 'ದ' ಮತ್ತು 'ಧ' ನಡುವೆ ಇರುವುದು ಒಂದು ಸಣ್ಣ ಸೀಳು. 'ಪ' ಮತ್ತು 'ಫ' ನಡುವೆಯೂ ಅಷ್ಟೇ. ಸವೆದ ಮೊಳೆ, ಹರಡಿದ ಮಸಿ, ಹಳದಿ ಕಾಗದ ಸೇರಿದರೆ ಆ ಸೀಳು ಮಾಯವಾಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತವೆ. ಅರ್ಕಾವೊತ್ತಿನ ಗುರುತು ಕನ್ನಡದ ಒಂಬತ್ತರ ಅಂಕಿಯ ಹಾಗೆಯೇ ಇರುವುದರಿಂದ 'ಧರ್ಮ'ದ ಮಧ್ಯೆ ಒಂಬತ್ತು ಬಂದು ಕೂರುತ್ತದೆ. ಹಳಗನ್ನಡ ಪಠ್ಯವಾದರೆ ಱ, ೞ ಬೇರೆ ಇರುತ್ತವೆ.

ಆದ್ದರಿಂದ ಯಂತ್ರ ಓದಿದ್ದನ್ನು ಮನುಷ್ಯರು ತಿದ್ದಲೇಬೇಕು. ವಿಕಿಪೀಡಿಯ ಬಳಗದ ಉಚಿತ ಪುಸ್ತಕ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಈ ಕೆಲಸ ನಡೆಯುತ್ತಿದೆ. ಎಡಗಡೆ ಪಠ್ಯ, ಬಲಗಡೆ ಪುಟದ ಚಿತ್ರ. ಯಾರು ಬೇಕಾದರೂ ಒಂದು ಪುಟ ತಿದ್ದಬಹುದು, ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಅಚ್ಚುಕಟ್ಟಾಗಿ ಸಿದ್ಧವಾದ ಪಠ್ಯ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ 'ವಚನ ಸಂಚಯ' ನೋಡಿ. ಒಂದು ಪದ ಕೊಟ್ಟರೆ ಯಾವ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಹಿಂದೆ ಇದಕ್ಕೆ ಸಂಪುಟಗಳನ್ನು ಹರಡಿಕೊಂಡು ವಾರಗಟ್ಟಲೆ ಕೂರಬೇಕಿತ್ತು. ನಿಮ್ಮೂರಿನ ಕಾಲೇಜು ಹುಡುಗರಿಗೆ ಇದನ್ನು ತೋರಿಸಿ. "ಎಲ್ಲಾ ಮೊಬೈಲಲ್ಲೇ ಇದೆ" ಅನ್ನುವವರಿಗೆ ಮೊಬೈಲಿನೊಳಗೆ ಇದು ಹೇಗೆ ಬಂತು ಎಂದು ತಿಳಿಯುವುದು ಒಳ್ಳೆಯದು.

ಹೆಸರುಗಳದ್ದು ಇನ್ನೊಂದು ದೊಡ್ಡ ವಿಷಯ. ನಮ್ಮ ಸಾಹಿತ್ಯದಲ್ಲಿ ಕಾವ್ಯನಾಮ ಇಲ್ಲದ ಹಿರಿಯರು ಕಡಿಮೆ. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ. ಒಂದು ಕಡೆ ಅಂಬಿಕಾತನಯದತ್ತ, ಇನ್ನೊಂದು ಕಡೆ ದ.ರಾ. ಬೇಂದ್ರೆ. ಶ್ರೀರಂಗ ಎಂದು ಹುಡುಕಿದವರಿಗೆ ಆದ್ಯ ರಂಗಾಚಾರ್ಯ ಎಂದು ನಮೂದಾದ ಪುಸ್ತಕ ಸಿಗಬೇಕಲ್ಲವೇ? ಇನಿಷಿಯಲ್‌ಗಳ ನಡುವೆ ಚುಕ್ಕೆ, ಜಾಗ ಇದೆಯೋ ಇಲ್ಲವೋ ಅನ್ನುವುದರಿಂದಲೂ ಒಬ್ಬರೇ ಲೇಖಕರು ಪಟ್ಟಿಯಲ್ಲಿ ನಾಲ್ಕು ಜನ ಆಗಿಬಿಡುತ್ತಾರೆ. ಗ್ರಂಥಾಲಯದವರು ಹಿಂದೆ ಕಾರ್ಡಿನಲ್ಲಿ 'ಇದನ್ನೂ ನೋಡಿ' ಎಂದು ಬರೆಯುತ್ತಿದ್ದರು. ಈಗ ಜಗತ್ತಿನ ದೊಡ್ಡ ಗ್ರಂಥಾಲಯಗಳು ಒಬ್ಬ ಲೇಖಕರಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಅವರ ಎಲ್ಲ ಹೆಸರುಗಳನ್ನೂ ಅದರಡಿ ಸೇರಿಸುತ್ತವೆ. ವಿಕಿಪೀಡಿಯ ಬಳಗದ ಮಾಹಿತಿ ಕೋಶ ವಿಕಿಡೇಟಾದಲ್ಲೂ ಹೀಗೇ. ಕನ್ನಡದ ಹೆಸರಾಂತ ಲೇಖಕರಿಗೆ ಅಲ್ಲಿ ನಮೂದುಗಳಿವೆ. ಜಿಲ್ಲೆಯ, ತಾಲ್ಲೂಕಿನ ಮಟ್ಟದ ಬರಹಗಾರರಿಗೆ ಇರುವುದು ಅಪರೂಪ. ಅವರ ಹೆಸರು, ಹುಟ್ಟಿದ ವರ್ಷ, ಊರು ಸರಿಯಾಗಿ ಗೊತ್ತಿರುವುದು ನಿಮ್ಮಂಥವರಿಗೇ.

ನಾಲ್ಕು ಮಾತು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಬಗ್ಗೆ. ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅವರು ಇಲ್ಲಿ ಶುರುಮಾಡಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇವತ್ತಿಗೂ ಇದೆ. ಅವರ ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸಿ ಅನ್ನುತ್ತದೆ. ಬಾರ್‌ಕೋಡ್, ರೇಡಿಯೋ ಅಲೆಗಳಿಂದ ಪುಸ್ತಕ ಗುರುತಿಸುವ ಆರ್‌ಎಫ್‌ಐಡಿ ಚೀಟಿ, ಆನ್‌ಲೈನ್ ಕೆಟಲಾಗ್ ಎಲ್ಲವೂ ಬಂದದ್ದು ಇದಕ್ಕಾಗಿಯೇ. ನಿಮ್ಮಂಥ ಗ್ರಂಥಾಲಯಕ್ಕೆ ಆರ್‌ಎಫ್‌ಐಡಿ ಸದ್ಯಕ್ಕೆ ಬೇಡ. ಕೆಲವು ಸಾವಿರ ಪುಸ್ತಕಗಳಿಗೆ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಪ್ರದೇಶದ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ 'ಕೋಹಾ' ಎಂಬ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಉಚಿತ, ಮತ್ತು ಕನ್ನಡ ಯೂನಿಕೋಡ್ ಅದರಲ್ಲಿ ಕೆಲಸ ಮಾಡುತ್ತದೆ. ನಮ್ಮ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ 'ಇ-ಗ್ರಂಥಾಲಯ'ವೂ ಇದೆ. ಎರಡೂ ಆಗದಿದ್ದರೆ ಅಚ್ಚುಕಟ್ಟಾದ ಎಕ್ಸೆಲ್ ಹಾಳೆ ಸಾಕು. ಮುಂದೆ ಅದನ್ನು ಯಾವ ತಂತ್ರಾಂಶಕ್ಕೆ ಬೇಕಾದರೂ ಸೇರಿಸಬಹುದು.

ನಿಮ್ಮ ಓದುಗರಿಗೆ ಈಗಾಗಲೇ ಏನೇನು ಸಿಗುತ್ತದೆ ಅನ್ನುವುದೂ ಗೊತ್ತಿರಬೇಕು. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಿಂದ ಎಲ್ಲರಿಗೂ ತೆರೆದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅದು ಉಪಯುಕ್ತ. ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ' ಇದೆ. ನಿಮ್ಮ ತಾಲ್ಲೂಕಿನ ಶಾಸನ, ಜಾತ್ರೆ, ಜಾನಪದದ ಮೇಲೆ ಯಾರೋ ಮಾಡಿದ ಪ್ರಬಂಧ ಅಲ್ಲಿ ಇದ್ದರೂ ಇರಬಹುದು. ತಾಲ್ಲೂಕಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ ನೋಡಿ. ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ 'ಭಾರತವಾಣಿ' ಇದೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಗಿ, ಕೊರೊನಾ ಕಾಲದಲ್ಲಿ ಗ್ರಂಥಾಲಯಗಳ ಬಾಗಿಲು ಮುಚ್ಚಿದ್ದಾಗ ತುಂಬಾ ಮಕ್ಕಳಿಗೆ ಒದಗಿತು.

ಕಣ್ಣು ಕಾಣದವರಿಗಾಗಿ 2016ರಿಂದ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಇದೆ. ಓದಲು ಆಗದವರಿಗೆ ಪುಸ್ತಕವನ್ನು ಬೇರೆ ರೂಪದಲ್ಲಿ ಕೊಡಲು ಅವಕಾಶ ಮಾಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ. ನಿಮ್ಮೂರಿನಲ್ಲಿ ದೃಷ್ಟಿ ಸಮಸ್ಯೆ ಇರುವ ಒಬ್ಬ ವಿದ್ಯಾರ್ಥಿ ಇದ್ದರೂ ಸರಿ, ಅವರ ಮನೆಗೆ ಹೋಗಿ ಈ ವಿಷಯ ಹೇಳಿ. ಯೂನಿಕೋಡ್ ಇಲ್ಲದೆ ಪರದೆ ಓದುವ ತಂತ್ರಾಂಶ ಕನ್ನಡವನ್ನು ಓದಲಾರದು ಅನ್ನುವುದೂ ನೆನಪಿರಲಿ.

ಒಂದು ಬಾಗಿಲು ಇನ್ನೂ ನಿಮಗೆ ತೆರೆದಿಲ್ಲ. 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ದೊಡ್ಡ ಹೆಜ್ಜೆ ಹೌದು. ಆದರೆ ಸಂಸ್ಥೆಗಳಿಗೆ ಅಂತ ರೂಪಿಸಿದ ಈ ಪಟ್ಟಿಯಲ್ಲಿ ಹಳ್ಳಿಯ ಗ್ರಂಥಾಲಯ ಇಲ್ಲ. ರೈತರೊಬ್ಬರು ಅಡಿಕೆಯ ರೋಗದ ಬಗ್ಗೆ ಹೊಸ ಸಂಶೋಧನೆ ಕೇಳಿದರೆ ನೀವು ಮುಕ್ತವಾಗಿ ಪ್ರಕಟವಾದ ಪ್ರಬಂಧಗಳನ್ನೇ ಹುಡುಕಬೇಕು. ಜನರ ತೆರಿಗೆಯಲ್ಲಿ ಕೊಂಡ ಜ್ಞಾನ ಪಂಚಾಯಿತಿ ಗ್ರಂಥಾಲಯದ ಮೇಜಿಗೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಾಜ್ಯದಲ್ಲಿ ಇಂಥ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. ಅಷ್ಟು ಮೇಜುಗಳನ್ನು ಮರೆತು ಮಾಡುವ ಮಾಹಿತಿ ಸೇವೆ ಅರ್ಧ ಸೇವೆ.

ಇ-ಪುಸ್ತಕಗಳ ಬಗ್ಗೆಯೂ ಒಂದು ಮಾತು. ಕಾಗದದ ಪುಸ್ತಕ ಕೊಂಡರೆ ಅದು ಗ್ರಂಥಾಲಯದ ಸ್ವಂತ ಮನೆಯ ಹಾಗೆ. ಇ-ಪುಸ್ತಕದ ಚಂದಾ ಬಾಡಿಗೆ ಮನೆಯ ಹಾಗೆ. ಕರಾರು ಮುಗಿದ ದಿನ ಪುಸ್ತಕ ಕಪಾಟಿನಿಂದಲೇ ಮಾಯ. ಜನರು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಆ ಹಣದಲ್ಲಿ ಏನು ಕೊಳ್ಳಬೇಕು ಅನ್ನುವ ಚರ್ಚೆ ನಿಮ್ಮ ಮುಂದೆ ಬಂದರೆ, ಕನ್ನಡದ ಮುಖ್ಯ ಪುಸ್ತಕಗಳನ್ನು ಕಾಗದದಲ್ಲೇ ಕೊಳ್ಳಿ ಅನ್ನುತ್ತೇನೆ.

ಈಗ ಎಐ. ಚಾಟ್‌ಬಾಟ್‌ಗಳು ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತವೆ. ಅದೇ ಅಪಾಯ. ಅವುಗಳ ಮೂಲ ಕೆಲಸ ಮುಂದೆ ಯಾವ ಪದ ಬರುವ ಸಾಧ್ಯತೆ ಇದೆ ಎಂದು ಊಹಿಸುವುದು. ಕಪಾಟಿಗೆ ಹೋಗಿ ಪುಸ್ತಕ ಇದೆಯೇ ಎಂದು ನೋಡಿ ಬಂದು ಅವು ಉತ್ತರ ಕೊಡುವುದಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ 'ಷಿಕಾಗೊ ಸನ್-ಟೈಮ್ಸ್' ಪತ್ರಿಕೆಯಲ್ಲಿ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಲೇಖಕರೆಲ್ಲ ನಿಜವಾದವರು. ಆದರೆ ಅದರಲ್ಲಿ 10 ಪುಸ್ತಕಗಳು ಜಗತ್ತಿನಲ್ಲೇ ಇರಲಿಲ್ಲ. ಎಐ ಅವನ್ನು ಕಟ್ಟಿಕೊಟ್ಟಿತ್ತು. ಇಂಗ್ಲಿಷಿನಲ್ಲೇ ಹೀಗಾದರೆ, ಇಂಟರ್ನೆಟ್‌ನಲ್ಲಿ ಪಠ್ಯವೇ ಕಡಿಮೆ ಇರುವ ಕನ್ನಡದಲ್ಲಿ ಎಷ್ಟು ಜಾಸ್ತಿ ಆಗಬಹುದು ಯೋಚಿಸಿ. ಮಕ್ಕಳು ಚಾಟ್‌ಬಾಟ್ ಹೇಳಿದ ಪುಸ್ತಕದ ಹೆಸರು ಹಿಡಿದುಕೊಂಡು ನಿಮ್ಮ ಹತ್ತಿರ ಬರುತ್ತಾರೆ. "ಇಲ್ಲ" ಅಂದು ಸುಮ್ನೆ ಕಳಿಸಬೇಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಿಶೀಲಿಸಿ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಅದರ ಕೆಟಲಾಗ್ ಆನ್‌ಲೈನ್‌ನಲ್ಲಿದೆ. ಎಲ್ಲ ಪ್ರಕಾಶಕರೂ ಕಳಿಸಿರುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಗಳ ಕೆಟಲಾಗ್, ಪ್ರಕಾಶಕರ ಪಟ್ಟಿಗಳನ್ನೂ ನೋಡಿ. ಎಲ್ಲೂ ಸುಳಿವಿಲ್ಲದಿದ್ದರೆ ಅನುಮಾನ ಪಡಿ.

ಹಾಗಂತ ಎಐ ದೂರ ಇಡಿ ಎಂದು ನಾನು ಹೇಳುವುದಿಲ್ಲ. ಓಸಿಆರ್ ಮಾಡಿದ ಪಠ್ಯದ ತಪ್ಪುಗಳನ್ನು ಗುರುತು ಹಾಕಲು, ಇಂಗ್ಲಿಷ್ ಅಕ್ಷರದ ಶೀರ್ಷಿಕೆಯನ್ನು ಕನ್ನಡಕ್ಕೆ ತರಲು, ಪುಟಗಳನ್ನು ದನಿಯಾಗಿಸಲು ಅದು ತುಂಬಾ ಸಹಾಯ ಮಾಡುತ್ತದೆ. ಐಐಟಿ ಮದ್ರಾಸಿನ 'ಎಐ4ಭಾರತ್', ಕೇಂದ್ರ ಸರ್ಕಾರದ 'ಭಾಷಿಣಿ' ಈ ದಿಕ್ಕಿನಲ್ಲಿ ಕನ್ನಡಕ್ಕೂ ಕೆಲಸ ಮಾಡುತ್ತಿವೆ. ಆದರೆ ಯಂತ್ರ ಕೊಟ್ಟದ್ದನ್ನು ಮೂಲ ಪುಟದ ಎದುರು ಇಟ್ಟು ನೋಡುವ ಕಣ್ಣು ಬೇಕೇಬೇಕು. ಯಾವ ಪುಸ್ತಕವನ್ನು ಯಾರೂ ವಿವರಿಸಿಲ್ಲವೋ, ಯಾವ ಪಠ್ಯ ಯೂನಿಕೋಡ್‌ಗೆ ಬಂದಿಲ್ಲವೋ, ಅದು ಎಐ ಪಾಲಿಗೂ ಇಲ್ಲ. ನಿಮ್ಮ ಕೆಲಸ ಏನಾಗುತ್ತದೆ ಎಂದು ಕೇಳಿದ್ದೀರಿ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಭಾಗ ಕಡಿಮೆಯಾಗಬಹುದು. ಹುಡುಕಿಕೊಡುವ, ಪರಿಶೀಲಿಸುವ, ವಿವರ ಬರೆದಿಡುವ ಭಾಗ ಹೆಚ್ಚುತ್ತದೆ. ಇದಕ್ಕೆ ತರಬೇತಿ ಬೇಕು, ಸಮಯ ಬೇಕು, ತಕ್ಕ ಸಂಬಳ ಬೇಕು. ಕಂಪ್ಯೂಟರ್ ಕೊಟ್ಟು ಇವನ್ನು ಕೊಡದಿದ್ದರೆ ಅದು ನ್ಯಾಯವಲ್ಲ. ಇದನ್ನು ನಿಮ್ಮ ಸಭೆಗಳಲ್ಲಿ ಗಟ್ಟಿಯಾಗಿಯೇ ಕೇಳಿ.

ಕೊನೆಗೆ ಸ್ಮರಣ ಸಂಚಿಕೆಗಳು. ಖಂಡಿತ ಸ್ಕ್ಯಾನ್ ಮಾಡಿ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ, ಸಹಕಾರ ಸಂಘದ ವರದಿ, ನಾಟಕದ ಕರಪತ್ರ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸಂಚಿಕೆ, ಇವುಗಳ ಪ್ರತಿ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುವುದು ಅಪರೂಪ. ಕಾನೂನಿನ ವಿಷಯ ಹೀಗಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಮುದ್ರಿತ ಪ್ರತಿಯನ್ನು ಕಾಪಾಡಿಕೊಳ್ಳಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಹಾಕುವುದು ಬೇರೆ ಮಾತು. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು. ಹಾಗಾಗಿ ಅವರ ಬರಹ 2007ರಿಂದ ಎಲ್ಲರದು. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಬರಹದ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಸ್ಮರಣ ಸಂಚಿಕೆಯಲ್ಲಿ ಹತ್ತಾರು ಜನರ ಲೇಖನ ಇರುವುದರಿಂದ ಮೊದಲು ಪ್ರಕಟಿಸಿದ ಸಂಘ ಅಥವಾ ಶಾಲೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಸಿಕ್ಕ ಲೇಖಕರನ್ನೂ, ತೀರಿಕೊಂಡವರ ಮನೆಯವರನ್ನೂ ಕೇಳಿ. ಊರಿನಲ್ಲಿ ಇದು ಕಷ್ಟವಾಗುವುದಿಲ್ಲ.

ದೊಡ್ಡ ಸ್ಕ್ಯಾನರ್ ಇಲ್ಲ ಅಂತ ಕಾಯಬೇಡಿ. ಎ4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಹಿಡಿಯಲು ಸುಮಾರು 87 ಲಕ್ಷ ಚುಕ್ಕೆ ಬೇಕು. 12 ಮೆಗಾಪಿಕ್ಸೆಲ್ ಫೋನಿನಲ್ಲಿ 1 ಕೋಟಿ 20 ಲಕ್ಷ ಇರುತ್ತವೆ. ಫೋನನ್ನು ಸ್ಟ್ಯಾಂಡ್‌ನಲ್ಲಿ ನೇರವಾಗಿ ನಿಲ್ಲಿಸಿ, ಪುಟ ತುಂಬುವಷ್ಟು ಹತ್ತಿರ ಇಡಿ. ಎರಡೂ ಬದಿಯಿಂದ ಬೆಳಕು ಬರಲಿ, ಫ್ಲ್ಯಾಶ್ ಬೇಡ. ಪುಟವನ್ನು ಬೆಳ್ಳಗೆ ಮಾಡುವ ಆ್ಯಪ್‌ಗಳು ಸಣ್ಣ ಒತ್ತಕ್ಷರಗಳನ್ನು ತಿಂದುಹಾಕುತ್ತವೆ, ಆದ್ದರಿಂದ ಬಣ್ಣದ ಮೂಲ ಚಿತ್ರವನ್ನು ಹಾಗೇ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಕುಗ್ಗುತ್ತದೆ, ಅದನ್ನು ಮೂಲವಾಗಿ ಇಡಬೇಡಿ. ಮೂರು ಪ್ರತಿ ಮಾಡಿ. ಒಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ಒಪ್ಪಿಗೆ ಸಿಕ್ಕಿದ್ದನ್ನು ಇಂಟರ್ನೆಟ್ ಆರ್ಕೈವ್‌ಗೂ ಹಾಕಬಹುದು.

ಪ್ರತಿ ಸಂಚಿಕೆಗೂ ಎಕ್ಸೆಲ್‌ನಲ್ಲಿ ಒಂದು ಸಾಲು ಬರೆಯಿರಿ, ಯೂನಿಕೋಡ್ ಕನ್ನಡದಲ್ಲಿ. ಹೆಸರು, ಪ್ರಕಟಿಸಿದವರು, ಊರು, ವರ್ಷ, ಪುಟ. ಅದರ ಪಕ್ಕದಲ್ಲೇ ಒಳಗಿನ ಲೇಖನಗಳ ಶೀರ್ಷಿಕೆ, ಬರೆದವರ ಹೆಸರು ಮತ್ತು ಅವರ ಕಾವ್ಯನಾಮ ಇರಲಿ. ಫೋಟೋಗಳಲ್ಲಿ ಇರುವವರು ಯಾರು ಅನ್ನುವುದನ್ನು ನಿಮ್ಮ ನಿವೃತ್ತ ಮೇಷ್ಟ್ರನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಈ ಕೆಲಸವನ್ನು ಸ್ಕ್ಯಾನಿಂಗ್‌ಗಿಂತ ಮೊದಲೇ ಶುರುಮಾಡಿ. ಸ್ಕ್ಯಾನ್ ಮುಂದಿನ ವರ್ಷವೂ ಮಾಡಬಹುದು.